ಮ್ಯಾರಥಾನ್‌ಗೆ ಮುಂಚಿನ ಕೊನೆಯ ಲಾಂಗ್ ರನ್: ಮೂರು ವಾರ ಮೊದಲೇ ಯಾಕೆ, ನಿಧಾನವಾಗಿ ಯಾಕೆ, ಗುಂಪಿನಲ್ಲಿ ಯಾಕೆ

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಅಲ್ಲಿಂದ ಮೂರು ವಾರ ಹಿಂದಕ್ಕೆ ಎಣಿಸಿದರೆ ಡಿಸೆಂಬರಿನ ಕೊನೆಯ ಭಾನುವಾರ ಸಿಗುತ್ತದೆ. ಅವತ್ತು ಬೆಳಗಿನ ಜಾವ ಕಬ್ಬನ್ ಪಾರ್ಕಿನ ಕಡೆ ಹೋದರೆ ವಾಕಿಂಗ್‌ನವರು ಬರುವ ಮುಂಚೆಯೇ ಓಟದ ಗುಂಪುಗಳು ಕಾಣುತ್ತವೆ. ಒಬ್ಬರು ಮರದ ಬೇರಿನ ಮೇಲೆ ಕಾಲಿಟ್ಟು ಲೇಸ್ ಬಿಗಿಯುತ್ತಿರುತ್ತಾರೆ. ಇನ್ನೊಬ್ಬರು ಕಂಕುಳು ಉಜ್ಜದಿರಲಿ ಎಂದು ವ್ಯಾಸಲೀನ್ ಹಚ್ಚುತ್ತಿರುತ್ತಾರೆ. ಮುಂಬೈಗೆ ಹೋಗುವವರ ಕೊನೆಯ ಲಾಂಗ್ ರನ್, ಅಂದರೆ ಅಭ್ಯಾಸದ ಕೊನೆಯ ಉದ್ದದ ಓಟ, ಅವತ್ತು. ಕೆಲವರಿಗೆ 28 ಕಿಲೋಮೀಟರ್, ಕೆಲವರಿಗೆ 32, ಅನುಭವ ಇರುವವರಿಗೆ 35.

ಮೊದಲ ಸಲ ಮ್ಯಾರಥಾನ್ ಓಡುವವರು ಈ ಒಂದು ಓಟದ ಬಗ್ಗೆ ತುಂಬಾ ಪ್ರಶ್ನೆ ಕೇಳುತ್ತಾರೆ. ಮ್ಯಾರಥಾನ್ ಅಂದರೆ 42 ಕಿಲೋಮೀಟರ್, ಅಷ್ಟು ಓಡಬೇಕಾದವರು 32ಕ್ಕೇ ಯಾಕೆ ನಿಲ್ಲಬೇಕು? ಮೂರು ವಾರ ಮೊದಲೇ ಯಾಕೆ, ಹಿಂದಿನ ವಾರ ಓಡಿದರೆ ಕಾಲು ಇನ್ನೂ ಹುರುಪಾಗಿ ಇರುತ್ತಲ್ವಾ? ಇಷ್ಟು ನಿಧಾನ ಓಡಿದರೆ ರೇಸಿನ ದಿನ ಜೋರಾಗಿ ಓಡೋದು ಹೇಗೆ? ನಮ್ಮ ಗುಂಪಿನ ನಿಧಾನದ ಬಸ್ಸಿಗೆ ನಾನು ಪೇಸರ್, ಅಂದರೆ ಮುಂದೆ ಓಡುತ್ತಾ ವೇಗ ಕಾಯುವವಳು. ಒಂದೇ ವೇಗದಲ್ಲಿ ಒಟ್ಟಿಗೆ ಓಡುವವರ ಗುಂಪನ್ನು ನಾವು ಬಸ್ಸು ಅಂತೀವಿ. ಈ ಪ್ರಶ್ನೆಗಳೆಲ್ಲ ನನ್ನ ಪಕ್ಕದಲ್ಲೇ ಓಡುತ್ತಾ ಬರುತ್ತವೆ. ಉತ್ತರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಶುರುವಿನಿಂದಲೇ ಹೇಳುತ್ತೇನೆ.

ಮೊದಲು ದೇಹದೊಳಗಿನ ಲೆಕ್ಕ. ಓಡುವಾಗ ಒಂದು ಕಿಲೋಮೀಟರಿಗೆ, ಒಂದು ಕಿಲೋ ದೇಹತೂಕಕ್ಕೆ, ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. 60 ಕಿಲೋ ತೂಗುವವರು ಪೂರ್ತಿ ಮ್ಯಾರಥಾನ್ ಓಡಿದರೆ ಹತ್ತಿರ ಹತ್ತಿರ 2,500 ಕ್ಯಾಲರಿ. ನಾವು ತಿಂದ ಅನ್ನ, ಮುದ್ದೆ, ಚಪಾತಿಯ ಸಕ್ಕರೆ ದೇಹದಲ್ಲಿ ಗ್ಲೈಕೋಜನ್ ಆಗಿ ಕೂತಿರುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ ಸುಮಾರು 100 ಗ್ರಾಂ. ಗ್ರಾಂಗೆ 4 ಕ್ಯಾಲರಿಯಂತೆ ಒಟ್ಟು 2,000. ಇಲ್ಲೇ 500 ಕಡಿಮೆ ಬಿತ್ತು. ಅದೂ ಅಲ್ಲದೆ ಈ 2,000 ಪೂರ್ತಿ ಕಾಲಿಗೆ ಸಿಗುವುದಿಲ್ಲ. ಭುಜದ ಸ್ನಾಯುವಿನಲ್ಲಿರುವ ಗ್ಲೈಕೋಜನ್ ಭುಜಕ್ಕೇ ಮೀಸಲು. ಅದನ್ನು ರಕ್ತಕ್ಕೆ ಬಿಟ್ಟುಕೊಡಲು ಬೇಕಾದ ಕಿಣ್ವ ಸ್ನಾಯುಗಳಲ್ಲಿ ಇಲ್ಲ. ಆ ಕೆಲಸ ಮಾಡುವುದು ಲಿವರ್. ಲಿವರಿನ ಪಾಲಿನಲ್ಲಿ ಮೆದುಳಿಗೂ ಕೊಡಬೇಕು.

ಉಳಿದದ್ದು ಕೊಬ್ಬಿನಿಂದ ಬರಬೇಕು. ಎಷ್ಟು ಸಣಕಲಾಗಿರುವ ಓಟಗಾರರಲ್ಲೂ ಕೊಬ್ಬಿಗೆ ಬರ ಇಲ್ಲ. ಒಂದು ಕಿಲೋ ಕೊಬ್ಬಿನಲ್ಲಿ 7,000ಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. ಆದರೆ ಅದು ನಿಧಾನವಾಗಿ ಉರಿಯುತ್ತದೆ, ಆಮ್ಲಜನಕವನ್ನೂ ಜಾಸ್ತಿ ಕೇಳುತ್ತದೆ. ನಿಧಾನ ಓಡುವಾಗ ಕೊಬ್ಬಿನ ಪಾಲು ಹೆಚ್ಚು, ಜೋರಾಗಿ ಓಡುವಾಗ ಗ್ಲೈಕೋಜನ್ ಪಾಲು ಹೆಚ್ಚು. ಮೊದಲ 10 ಕಿಲೋಮೀಟರ್ ಹುರುಪಿನಲ್ಲಿ ಜೋರಾಗಿ ಓಡಿದವರಿಗೆ 30-35ರ ನಡುವೆ ಕಾಲಿಗೆ ಕಲ್ಲು ಕಟ್ಟಿದ ಹಾಗಾಗುವುದು ಇದಕ್ಕೇ. ಓಟದವರು ಇದನ್ನು ಗೋಡೆ ಅಂತಾರೆ. ರಕ್ತದಲ್ಲಿ ಸಕ್ಕರೆ ಇಳಿದಾಗ ತಲೆಯೂ ಮಂಕಾಗುತ್ತದೆ. ಸುಮ್ನೆ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಇದೆಲ್ಲ ಯಾಕೆ ಬೇಕಿತ್ತು ಅನ್ನಿಸುತ್ತದೆ. ಅದು ಮನಸ್ಸಿನ ದೌರ್ಬಲ್ಯ ಅಂದುಕೊಂಡು ನಾಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಹುಪಾಲು ಅದು ಸಕ್ಕರೆಯ ಕೊರತೆ.

ದೇಹದ ಈ ಲೆಕ್ಕಕ್ಕೂ 42.195 ಎಂಬ ಸಂಖ್ಯೆಗೂ ಸಂಬಂಧವೇ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಕೋಟೆಯ ಅರಮನೆಯಿಂದ ಹೊರಟು, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಎದುರು ಮುಗಿದಿತ್ತು. ಆ ದೂರವೇ 1921ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಒಂದೊಂದು ಕಡೆ ಒಂದೊಂದು ದೂರ ಇತ್ತು.

ಈಗ ಮೊದಲ ಪ್ರಶ್ನೆಗೆ, 32ಕ್ಕೇ ಯಾಕೆ ನಿಲ್ಲಬೇಕು ಅನ್ನುವುದಕ್ಕೆ ಬರೋಣ. 30ರ ಹತ್ತಿರ ಹತ್ತಿರ ಹೋದಾಗ ಕಲಿಯಬೇಕಾದದ್ದನ್ನು ದೇಹ ಕಲಿತಿರುತ್ತದೆ. ಸ್ನಾಯುವಿನ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚಲಿ, ಸ್ನಾಯುವಿನ ಸುತ್ತ ಸಣ್ಣ ರಕ್ತನಾಳಗಳು ಹಬ್ಬಲಿ, ಕೊಬ್ಬನ್ನು ಉರಿಸುವುದು ಸಲೀಸಾಗಲಿ ಎಂಬ ಸೂಚನೆ ಹೋಗಿರುತ್ತದೆ. ಇನ್ನೂ 10 ಕಿಲೋಮೀಟರ್ ಓಡಿದರೆ ಈ ಲಾಭ ಅಷ್ಟೇನೂ ಹೆಚ್ಚುವುದಿಲ್ಲ. ಪೆಟ್ಟು ಮಾತ್ರ ತುಂಬಾ ಹೆಚ್ಚುತ್ತದೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿದಿರುತ್ತವೆ, ಹಿಮ್ಮಡಿಯ ಸ್ನಾಯುರಜ್ಜು, ಮೀನಖಂಡ, ಮಂಡಿ ಎಲ್ಲಾ ಬಳಲಿರುತ್ತವೆ. ಸುಸ್ತಾದ ಕಾಲು ನೆಲಕ್ಕೆ ಓರೆಯಾಗಿ ಬೀಳುತ್ತದೆ, ಗಾಯಗಳು ಹುಟ್ಟುವುದು ಅಲ್ಲೇ. ಅಭ್ಯಾಸದಲ್ಲೇ ಒಮ್ಮೆ 40 ಓಡಿ ಧೈರ್ಯ ತಂದುಕೊಳ್ಳುತ್ತೇನೆ ಅನ್ನುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ.

ಎಷ್ಟು ದೂರ ಅನ್ನುವುದರಲ್ಲಿ ಕೋಚ್‌ಗಳಲ್ಲೇ ಒಮ್ಮತ ಇಲ್ಲ. ಅಮೆರಿಕದ ಹ್ಯಾನ್ಸನ್ಸ್ ಪದ್ಧತಿಯಲ್ಲಿ ಅತಿ ಉದ್ದದ ಓಟವೇ 26 ಕಿಲೋಮೀಟರ್. ವಾರವಿಡೀ ಓಡಿ ದಣಿದ ಕಾಲಲ್ಲಿ ಆ 26 ಓಡಿದರೆ ಸಾಕು ಅನ್ನುವುದು ಅವರ ವಾದ. ವಾರಕ್ಕೆ ಆರು ದಿನ ಓಡುವವರಿಗೆ ಅದು ಸರಿ. ಆಫೀಸು, ಮನೆ, ಮಕ್ಕಳು ಎಂದು ವಾರಕ್ಕೆ ಮೂರೋ ನಾಲ್ಕೋ ದಿನ ಓಡುವ ನಮ್ಮಂಥವರಿಗೆ ಭಾನುವಾರದ ಓಟ ಸ್ವಲ್ಪ ಉದ್ದ ಇರಬೇಕಾಗುತ್ತದೆ.

ನಾನು ಕಿಲೋಮೀಟರಿಗಿಂತ ಗಂಟೆಯ ಲೆಕ್ಕವನ್ನು ಜಾಸ್ತಿ ನಂಬುತ್ತೇನೆ. ನಾಲ್ಕು ಗಂಟೆಯಲ್ಲಿ ಮ್ಯಾರಥಾನ್ ಮುಗಿಸಬೇಕು ಅನ್ನುವವರ ರೇಸ್ ವೇಗ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಲಾಂಗ್ ರನ್‌ನಲ್ಲಿ ಅವರು 6 ನಿಮಿಷ 20 ಸೆಕೆಂಡಿನಲ್ಲಿ ಓಡಿದರೆ 32 ಕಿಲೋಮೀಟರ್ ಮುಗಿಯಲು 3 ಗಂಟೆ 23 ನಿಮಿಷ. ಸರಿಯಾಯಿತು. ಐದು ಗಂಟೆಯ ಗುರಿ ಇರುವವರ ರೇಸ್ ವೇಗ 7 ನಿಮಿಷ 7 ಸೆಕೆಂಡ್. ಅವರು 7 ನಿಮಿಷ 45 ಸೆಕೆಂಡಿನಲ್ಲಿ ಅದೇ 32 ಓಡಿದರೆ ನಾಲ್ಕು ಗಂಟೆ ದಾಟುತ್ತದೆ. ಅವರ ಕಾಲು ಬೀಳುವ ಪೆಟ್ಟನ್ನು ಮುಕ್ಕಾಲು ಗಂಟೆ ಹೆಚ್ಚು ತಡೆದುಕೊಳ್ಳಬೇಕು, ಚೇತರಿಕೆಗೆ ಸಿಗುವುದು ಮಾತ್ರ ಅದೇ ಮೂರು ವಾರ. ಹಾಗಾಗಿ ಮೂರೂವರೆ ಗಂಟೆಗೆ ನಿಲ್ಲಿಸಿ ಅನ್ನುವುದು ನನ್ನ ಸಲಹೆ. ಅಷ್ಟರಲ್ಲಿ 27 ಆಗಿದ್ದರೆ 27. ಪಕ್ಕದ ಬಸ್ಸಿನವರು 32 ಓಡಿದರು ಎಂದು ಬೇಜಾರು ಮಾಡಿಕೊಳ್ಳಬೇಕಿಲ್ಲ.

ಇನ್ನು ಮೂರು ವಾರದ ವಿಷಯ. ಖಾಲಿಯಾದ ಗ್ಲೈಕೋಜನ್ ಚೆನ್ನಾಗಿ ಊಟ ಮಾಡಿದರೆ ಒಂದೆರಡು ದಿನದಲ್ಲಿ ತುಂಬುತ್ತದೆ. ಕಾಲು ನೋವು ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ. ನೋವು ಹೋಯಿತು ಅಂದ ಮಾತ್ರಕ್ಕೆ ಒಳಗಿನ ರಿಪೇರಿ ಮುಗಿದಿರುವುದಿಲ್ಲ. ಹರಿದ ಎಳೆಗಳು ಕೂಡಿಕೊಂಡು ಗಟ್ಟಿಯಾಗಲು, ಓಟ ಕೊಟ್ಟ ಸೂಚನೆಗಳು ನಿಜವಾದ ಶಕ್ತಿಯಾಗಲು ಎರಡರಿಂದ ಮೂರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸದೆ ಬಿಡುತ್ತೀವಲ್ಲ, ಹಾಗೆ. ರೇಸಿಗೆ ಒಂದು ವಾರ ಇರುವಾಗ 30 ಓಡಿದರೆ ಅದರ ಸುಸ್ತು ಮಾತ್ರ ನಿಮ್ಮ ಜೊತೆ ಮುಂಬೈಗೆ ಬರುತ್ತದೆ, ಲಾಭ ರೇಸ್ ಮುಗಿದ ಮೇಲೆ ಬರುತ್ತದೆ.

ಹಾಗಾದರೆ ಐದಾರು ವಾರ ಮೊದಲೇ ಮುಗಿಸಿಬಿಡಬಹುದಲ್ಲ ಅಂದರೆ, ಅದೂ ಆಗುವುದಿಲ್ಲ. ಒಮ್ಮೆ ಉದ್ದದ ಓಟದ ಪೆಟ್ಟು ತಿಂದು ವಾಸಿಯಾದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಪೆಟ್ಟಿಗೆ ಕಡಿಮೆ ಜಖಂ ಆಗುತ್ತದೆ. ಇದು ಚೆನ್ನಾಗಿ ಗೊತ್ತಿರುವ ವಿಷಯ. ದಿನ ಕಳೆದಂತೆ ಆ ರಕ್ಷಣೆ ತೆಳುವಾಗುತ್ತದೆ. ವಾಸಿಯಾಗಲು ಸಾಕಷ್ಟು ದಿನ ಇರಬೇಕು, ರಕ್ಷಣೆಯೂ ಉಳಿದಿರಬೇಕು. ಎರಡೂ ಸೇರುವುದು ಮೂರನೇ ವಾರದ ಆಸುಪಾಸಿನಲ್ಲಿ.

ಈಗ ಗುಂಪಿನ ಮಾತು. ಗುಂಪಿದ್ದರೆ ಹುಮ್ಮಸ್ಸು ಬರುತ್ತದೆ, ಜೋರಾಗಿ ಓಡಬಹುದು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಈ ಕೊನೆಯ ಓಟದಲ್ಲಿ ಒಳ್ಳೆಯ ಗುಂಪು ಮಾಡುವ ದೊಡ್ಡ ಉಪಕಾರ ನಿಮ್ಮನ್ನು ತಡೆದು ಹಿಡಿಯುವುದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ದೇಹ ಹದಕ್ಕೆ ಬಂದಿರುತ್ತದೆ. ಡಿಸೆಂಬರಿನ ಚಳಿ ಬೇರೆ. 15-16 ಡಿಗ್ರಿಯಲ್ಲಿ ಕಾಲು ತಾನಾಗಿಯೇ ಹಾರುತ್ತದೆ. ಒಬ್ಬರೇ ಇದ್ದರೆ ನಾನೆಷ್ಟು ತಯಾರಾಗಿದ್ದೀನಿ ನೋಡೇಬಿಡೋಣ ಅನ್ನುವ ಆಸೆಗೆ ಬೀಳುವುದು ಸುಲಭ. ಆ ಆಸೆಯಲ್ಲಿ ರೇಸಿನಲ್ಲಿ ಓಡಬೇಕಾದ ಓಟವನ್ನು ಕಬ್ಬನ್ ಪಾರ್ಕಿನಲ್ಲೇ ಓಡಿ ಮುಗಿಸಿದವರು ಎಷ್ಟೋ ಜನ.

ಇದು ತಿರುಗುಮುರುಗೂ ಆಗಬಹುದು. ಬಸ್ಸಿನ ಮುಂದೆ ಒಬ್ಬರು ಕಿಲೋಮೀಟರಿಗೆ ಐದು ಸೆಕೆಂಡ್ ಬೇಗ ಓಡಿದರೆ ಸಾಕು, ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಹಿಂದೆ ಬೀಳಬಾರದೆಂದು ಏರಿಸುತ್ತಾರೆ. ಐದು ಕಿಲೋಮೀಟರ್ ಕಳೆಯುವಷ್ಟರಲ್ಲಿ ಇಡೀ ಬಸ್ಸು ಬೇರೆ ವೇಗಕ್ಕೆ ಹೋಗಿರುತ್ತದೆ. ಅದಕ್ಕೇ ಪೇಸರ್ ಬೇಕು. ಪೇಸರ್‌ಗಿಂತ ಮುಂದೆ ಹೋಗಬಾರದು ಅನ್ನುವ ಒಂದು ನಿಯಮ ಕಟ್ಟುನಿಟ್ಟಾಗಿ ಇರಬೇಕು. ನಾನು ವಾಚಿಗಿಂತ ಜಾಸ್ತಿ ಕಿವಿಗೆ ಕೆಲಸ ಕೊಡುತ್ತೇನೆ. 12ನೇ ಕಿಲೋಮೀಟರಿನಲ್ಲಿ ಪಕ್ಕದವರನ್ನು ಕ್ರಿಸ್ಮಸ್ ರಜಕ್ಕೆ ಊರಿಗೆ ಹೋಗಿದ್ರಾ ಅಂತ ಕೇಳುತ್ತೇನೆ. "ಹೂಂ ಮೇಡಂ, ಹಾಸನಕ್ಕೆ ಹೋಗಿದ್ವಿ, ಅತ್ತೆ ಮನೇಲಿ ಎರಡು ದಿನ ಇದ್ವಿ" ಅಂತ ಪೂರ್ತಿ ವಾಕ್ಯ ಬಂದರೆ ವೇಗ ಸರಿ ಇದೆ. "ಹೂಂ... ಹೋಗಿದ್ದೆ" ಅಂತ ಮಧ್ಯೆ ಉಸಿರು ತಗೊಂಡರೆ ಅವರಿಗೆ ಈ ವೇಗ ಜಾಸ್ತಿ. ಇನ್ನೊಂದು ಬಸ್ಸಿಗೆ ಇಳಿಯಿರಿ ಅಂತ ಆಗಲೇ ಹೇಳಬೇಕು, 25ರಲ್ಲಿ ಹೇಳಿ ಪ್ರಯೋಜನವಿಲ್ಲ.

26-27 ದಾಟಿದ ಮೇಲೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಬೂಟಿನ ಸದ್ದು ಒಂದೇ ತಾಳಕ್ಕೆ ಬೀಳುತ್ತಿದ್ದರೆ ಸಾಕು. ಯಾರದಾದರೂ ಒಂದು ಕಾಲು ಉಜ್ಜುವ ಸದ್ದು ಕೇಳಿದರೆ ತಿರುಗಿ ನೋಡಬೇಕು.

ದಾರಿಯನ್ನೂ ಗುಂಪಿಗೆ ತಕ್ಕಂತೆ ಹಾಕಬೇಕು. 16 ಹೋಗಿ 16 ಬರುವ ದಾರಿಗಿಂತ ಸುತ್ತು ಸುತ್ತಿ ಒಂದೇ ಜಾಗಕ್ಕೆ ಬರುವ ದಾರಿ ವಾಸಿ. ಸುಸ್ತಾದವರು ಅಲ್ಲೇ ನಿಲ್ಲಬಹುದು, ನೀರು, ತಿನಿಸನ್ನು ಒಂದೇ ಕಡೆ ಇಡಬಹುದು. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಅದು ದೊಡ್ಡ ಅನುಕೂಲ. ಹಾಗೆಂದು ನಂದಿಬೆಟ್ಟಕ್ಕೆ ಹೋಗಬೇಡಿ. ಏರು ಕಷ್ಟ ಅಂತಲ್ಲ, ಇಳಿಜಾರು ಅಪಾಯ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಎಳೆಗಳು ಹೆಚ್ಚು ಹರಿಯುವುದು ಆಗ. ಆ ಅಭ್ಯಾಸವೆಲ್ಲ ನವೆಂಬರಿಗೇ ಮುಗಿದಿರಬೇಕು. ಇನ್ನೊಂದು ಮಾತು. ನಮ್ಮಂಥ ಹೆಂಗಸರಿಗೆ ಗುಂಪು ಅಂದರೆ ಹುಮ್ಮಸ್ಸಿನ ವಿಷಯಕ್ಕಿಂತ ಮೊದಲು ಕತ್ತಲಲ್ಲಿ ರಸ್ತೆಗೆ ಇಳಿಯುವ ಧೈರ್ಯ. ಬೀದಿನಾಯಿ, ಹಿಂದೆ ಹಿಂದೆ ಬರುವ ಬೈಕು, ಇವೆರಡೂ ಎಂಟು ಜನ ಒಟ್ಟಿಗಿದ್ದಾಗ ದೂರ ಹೋಗುತ್ತವೆ. ಅದಕ್ಕೇ ಕೊನೆಯಲ್ಲಿ ಉಳಿದವರ ಜೊತೆ ಒಬ್ಬರು ಇರಲೇಬೇಕು. ಯಾರನ್ನೂ ಒಂಟಿಯಾಗಿ ಬಿಟ್ಟು ತಿಂಡಿಗೆ ಹೋಗಬಾರದು.

ಈ ಓಟದ ಅರ್ಧ ಕೆಲಸ ಹೊಟ್ಟೆಗೆ ಸಂಬಂಧಪಟ್ಟದ್ದು. ನಮ್ಮ ನೀರಿನ ಜಾಗ ಅಂದರೆ ಒಬ್ಬರ ಕಾರಿನ ಡಿಕ್ಕಿ. 20 ಲೀಟರಿನ ಕ್ಯಾನ್, ಉಪ್ಪು ಉದುರಿಸಿದ ಬೇಯಿಸಿದ ಆಲೂಗಡ್ಡೆ, ಹೆಚ್ಚಿಟ್ಟ ಕಿತ್ತಳೆ, ಬಾಳೆಹಣ್ಣು, ಚಿಕ್ಕಿ, ಒಆರ್‌ಎಸ್. ತಣ್ಣಗಿನ ಆಲೂಗಡ್ಡೆಯ ಉಪ್ಪು ನಾಲಿಗೆಗೆ ತಾಗಿದಾಗ ಆಗುವ ಸುಖ 24 ಕಿಲೋಮೀಟರ್ ಓಡಿದವರಿಗೇ ಗೊತ್ತು. ಮ್ಯಾರಥಾನ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಓಡುತ್ತಲೇ ಹೀರುವ ಸಿಹಿ ಪಾಕದ ಪೊಟ್ಟಣಕ್ಕೆ ಜೆಲ್ ಅಂತಾರೆ, ಒಂದು ಜೆಲ್‌ನಲ್ಲಿ 20-25 ಗ್ರಾಂ ಇರುತ್ತದೆ. ಒಂದು ಪಚ್ಚಬಾಳೆಯಲ್ಲೂ ಹತ್ತಿರ ಹತ್ತಿರ ಅಷ್ಟೇ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ಸುಸ್ತಾದ ಮೇಲೆ ತಿಂದರೆ ಆಯಿತು ಅನ್ನಬೇಡಿ. ಓಡುವಾಗ ರಕ್ತವೆಲ್ಲ ಕಾಲಿಗೆ ಹೋಗಿರುವುದರಿಂದ ಹೊಟ್ಟೆ ನಿಧಾನವಾಗಿ ಕೆಲಸ ಮಾಡುತ್ತದೆ. ಮೊದಲ ಮುಕ್ಕಾಲು ಗಂಟೆಯಲ್ಲೇ ಶುರುಮಾಡಿ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗಬೇಕು. ಯಾವ ಜೆಲ್ ವಾಕರಿಕೆ ತರುತ್ತದೆ, ಯಾವುದು ಸರಿಹೋಗುತ್ತದೆ ಅನ್ನುವುದು ಈ ಲಾಂಗ್ ರನ್‌ನಲ್ಲೇ ಗೊತ್ತಾಗಲಿ. ಹಿಂದಿನ ರಾತ್ರಿಯ ಊಟ, ಎದ್ದ ತಕ್ಷಣ ತಿನ್ನುವ ಬ್ರೆಡ್ಡೋ ಇಡ್ಲಿಯೋ, ಟಾಯ್ಲೆಟ್ಟಿಗೆ ಹೋಗುವ ಹೊತ್ತು, ಶೂ, ಸಾಕ್ಸ್, ಬನಿಯನ್, ಎಲ್ಲವೂ ಮುಂಬೈಯಲ್ಲಿ ಇರುವ ಹಾಗೆಯೇ ಇರಲಿ. ಮುಂಬೈಯಲ್ಲಿ ಪೂರ್ತಿ ಮ್ಯಾರಥಾನ್ ಬೆಳಗಿನ ಜಾವವೇ ಹೊರಡುತ್ತದೆ. ಎರಡು ಗಂಟೆ ಮೊದಲು ತಿನ್ನಬೇಕೆಂದರೆ ಎಷ್ಟಕ್ಕೆ ಏಳಬೇಕಾಗುತ್ತದೆ ಲೆಕ್ಕಹಾಕಿ.

ನೀರಿನ ವಿಷಯದಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ಎಷ್ಟು ಕುಡಿದರೂ ಒಳ್ಳೆಯದೇ ಅಂತ ಹಿರಿಯರೂ ಹೇಳುತ್ತಾರೆ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ನಿಧಾನವಾಗಿ ಓಡುವವರಿಗೆ ಈ ಅಪಾಯ ಜಾಸ್ತಿ, ಯಾಕೆಂದರೆ ಅವರಿಗೆ ಕುಡಿಯಲು ಸಮಯ ಜಾಸ್ತಿ ಸಿಗುತ್ತದೆ. ಓಟದ ಮುಂಚೆ, ಆಮೇಲೆ ತೂಕ ನೋಡಿಕೊಳ್ಳಿ. ಒಂದೂವರೆ ಕಿಲೋವರೆಗೆ ಇಳಿದಿದ್ದರೆ ಗಾಬರಿ ಬೇಡ. ಏರಿದ್ದರೆ ಮಾತ್ರ ನೀವು ಕುಡಿದದ್ದು ಹೆಚ್ಚಾಯಿತು.

ಬೆಂಗಳೂರಿನವರಿಗೆ ಮುಂಬೈಯ ಹವೆ ಬೇರೆಯದೇ ಪಾಠ. ನಾವು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಒಣ ಚಳಿಯಲ್ಲಿ ಓಡಿರುತ್ತೇವೆ. ಅಲ್ಲಿ ಕಡಲ ತೇವ. ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ, ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ. ಮಂಗಳೂರು, ಉಡುಪಿಯ ಓಟಗಾರರಿಗೆ ಇದು ದಿನದ ಮಾತು, ಆ ವಿಷಯದಲ್ಲಿ ಅವರು ನಮಗಿಂತ ಮುಂದೆ. ಸೆಕೆಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು, ಅಷ್ಟು ದಿನ ಮುಂಚೆ ಮುಂಬೈಗೆ ಹೋಗಿ ಇರಲು ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ. ಮಾಡಬಹುದಾದದ್ದು ಇಷ್ಟು: ಕೊನೆಯ ಲಾಂಗ್ ರನ್ ನಾಲ್ಕಕ್ಕೆ ಶುರುಮಾಡುವ ಬದಲು ಐದೂವರೆಗೆ ಶುರುಮಾಡಿ, ಕೊನೆಯ ಒಂದು ಗಂಟೆ ಬಿಸಿಲಿಗೆ ಬೀಳಲಿ. ರೇಸಿನ ದಿನ ಮೊದಲ 10 ಕಿಲೋಮೀಟರ್ ಅಂದುಕೊಂಡ ವೇಗಕ್ಕಿಂತ ನಿಧಾನ ಹೋಗಿ. ಮುಂಬೈ ಓಡಿ ಬಂದವರು ಪೆಡ್ಡರ್ ರಸ್ತೆಯ ಏರಿನ ಕತೆ ಹೇಳದೆ ಬಿಡುವುದಿಲ್ಲ. ಆ ಏರನ್ನು ಎದುರಿಸಲು ಬೇಕಾದ ಶಕ್ತಿ ಮೊದಲ ಗಂಟೆಯಲ್ಲಿ ಉಳಿಸಿದ ಶಕ್ತಿಯೇ.

ಓಟದ ಮಧ್ಯೆ ಯಾವಾಗ ನಿಲ್ಲಬೇಕು? ಎರಡೂ ಕಾಲು ಭಾರ, ಸುಸ್ತು, ಬೇಜಾರು ಇವಕ್ಕೆಲ್ಲ ನಿಲ್ಲಬೇಕಿಲ್ಲ. ಒಂದೇ ಜಾಗದಲ್ಲಿ ಚುಚ್ಚುವ ನೋವು, ನಡಿಗೆಯನ್ನೇ ಬದಲಿಸುವ ನೋವು ಬಂದರೆ ನಿಲ್ಲಿ. ಎದೆನೋವು, ತಲೆಸುತ್ತು, ಮಾತು ತೊದಲುವುದು ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜ್ವರ ಇದ್ದರೆ ಶುರುಮಾಡಲೇಬಾರದು. ಇನ್ನೊಂದನ್ನು ಒತ್ತಿ ಹೇಳಬೇಕು: ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿ ಓಡಬೇಡಿ. ಬೆವರಿ ನೀರು ಕಳೆದುಕೊಂಡಿರುವ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡಬಹುದು.

ಮುಗಿದ ತಕ್ಷಣ ಕೂರದೆ ಹತ್ತು ನಿಮಿಷ ನಡೆದಾಡಿ. ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲಿ. ಇಡ್ಲಿ ಸಾಂಬಾರ್, ಜೊತೆಗೆ ಮೊಟ್ಟೆಯೋ ಹಾಲೋ ಇದ್ದರೆ ಚೆನ್ನ. ಸೋಮವಾರ, ಮಂಗಳವಾರ ಓಟ ಬೇಡ.

ಅಲ್ಲಿಂದ ಟೇಪರ್, ಅಂದರೆ ರೇಸಿನವರೆಗೆ ಓಟವನ್ನು ಇಳಿಸುತ್ತಾ ಹೋಗುವುದು. ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2007ರ ವಿಶ್ಲೇಷಣೆಯಲ್ಲಿ ಕಂಡದ್ದು ಇದು: ಎರಡು ವಾರ ಓಟದ ಪ್ರಮಾಣವನ್ನು 40ರಿಂದ 60 ಶೇಕಡಾ ಇಳಿಸಿ, ವೇಗವನ್ನು ಇಳಿಸದೆ ಇದ್ದವರಿಗೆ ಹೆಚ್ಚು ಲಾಭವಾಗಿದೆ. ಅಂದರೆ ವಾರಕ್ಕೆ 60 ಕಿಲೋಮೀಟರ್ ಓಡುತ್ತಿದ್ದವರು ಮೊದಲು 45ಕ್ಕೆ ಇಳಿದು, ಕೊನೆಯ ಎರಡು ವಾರ 30ಕ್ಕೆ ಬರಬೇಕು. ಆದರೆ ಆ 30ರಲ್ಲೂ ಎರಡು ಮೂರು ಕಿಲೋಮೀಟರ್ ರೇಸ್ ವೇಗದಲ್ಲಿ ಇರಲಿ. ಈ ದಿನಗಳಲ್ಲಿ ಮನಸ್ಸು ಸುಮ್ಮನಿರುವುದಿಲ್ಲ. ಇಲ್ಲದ ಮಂಡಿನೋವು ಬಂದ ಹಾಗಾಗುತ್ತದೆ. ತೂಕ ಒಂದು ಕಿಲೋ ಏರಿದರೆ ದಪ್ಪ ಆದೆ ಅನ್ನಿಸುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ, ಏರಿದ್ದು ಬಹುಪಾಲು ಅದೇ. ಅದು ಬೇಕು.

ಜ್ವರವೋ, ಮನೆಯ ಮದುವೆಯೋ, ಆಫೀಸಿನ ಕೆಲಸವೋ ಬಂದು ಆ ಭಾನುವಾರ ತಪ್ಪಿದರೆ ಏನು ಮಾಡುವುದು? ಇದನ್ನು ಪ್ರತಿ ವರ್ಷ ಯಾರಾದರೂ ಅಳುಮುಖ ಮಾಡಿಕೊಂಡು ಕೇಳುತ್ತಾರೆ. ಮುಂಚೆ ಒಂದೆರಡು ಸಲ 28-30 ಓಡಿದ್ದರೆ ಏನೂ ಆಗಿಲ್ಲ ಅಂದುಕೊಳ್ಳಿ. ಮುಂದಿನ ಭಾನುವಾರ, ಮೈ ಹುಷಾರಾಗಿದ್ದರೆ, 20-22 ಓಡಿ ನಿಲ್ಲಿಸಿ. ತಪ್ಪಿದ್ದನ್ನು ತುಂಬಿಸಲು ರೇಸಿಗೆ ಹತ್ತು ದಿನ ಇರುವಾಗ 32 ಓಡಬೇಡಿ. ಅಕ್ಟೋಬರಿನಿಂದ ಒಮ್ಮೆಯೂ 24 ದಾಟಿಲ್ಲ ಅನ್ನುವವರು ರೇಸಿನ ದಿನ ಸಮಯದ ಗುರಿ ಬಿಟ್ಟು, ಒಂಬತ್ತು ನಿಮಿಷ ಓಟ ಒಂದು ನಿಮಿಷ ನಡಿಗೆ ಅಂತ ಮೊದಲ ಕಿಲೋಮೀಟರಿನಿಂದಲೇ ಶುರುಮಾಡಿ. ಮತ್ತೆ ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ತೆಗೆದುಕೊಳ್ಳಲು ರೇಸಿಗೆ ಮುಂಚೆ ನಡೆಯುವ ಎಕ್ಸ್‌ಪೋ ಮೇಳಕ್ಕೆ ಹೋದಾಗ ಅಂಗಡಿ ನೋಡುತ್ತಾ ಮೂರು ಗಂಟೆ ಕಾಲ ಮೇಲೆ ನಿಲ್ಲಬೇಡಿ. ಬಿಬ್ ತೆಗೆದುಕೊಂಡು ರೂಮಿಗೆ ಹೋಗಿ ಮಲಗಿ.